ಪೊರೆ ಜರಡಿಯಲ್ಲ



ಭಾಷೆ ಕಲಿಸುವ ಇವರಿಗೆ ವಿಜ್ಞಾನದ ವಿಷಯವೇಕೆ ಎಂದು ನೀವು ಕೇಳಬಹುದು. ಕಾರಣ ಒಂದು ಶಬ್ದ. ಮೆಂಬ್ರೇನ್ ಎಂಬುದಕ್ಕೆ ಉರ್ದುವಿನಲ್ಲಿ ಝಿಲ್ಲಿ, ಕನ್ನಡದಲ್ಲಿ ಪೊರೆ. ತರಗತಿಯಲ್ಲಿ ಒಮ್ಮೆ ಅದನ್ನು 'ಬಹಳ ಸಣ್ಣ ಕಣ್ಣಿನ ಜರಡಿ' ಎಂದುಬಿಟ್ಟೆ. ಒಬ್ಬ ಹುಡುಗಿ ಎದ್ದು, "ಸರ್, ಇಂಗಾಲದ ಡೈ ಆಕ್ಸೈಡ್ ಸಾರಜನಕಕ್ಕಿಂತ ಭಾರವಲ್ಲವೇ? ಮತ್ತೆ ಅದೇ ಹೇಗೆ ಮೊದಲು ದಾಟುತ್ತದೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹಳೆಯದೇ. 1866ರಲ್ಲಿ ಥಾಮಸ್ ಗ್ರಹಾಂ ಎಂಬ ರಸಾಯನ ವಿಜ್ಞಾನಿ, ತೆಳು ರಬ್ಬರಿನ ಮೂಲಕ ಈ ಅನಿಲ ಸಾರಜನಕಕ್ಕಿಂತ ಸುಮಾರು 13 ಪಟ್ಟು ಬೇಗ ದಾಟುವುದನ್ನು ಕಂಡ. ಅದು ತೂತಿನಲ್ಲಿ ನುಸುಳುವುದಲ್ಲ. ರಬ್ಬರಿನಲ್ಲಿ ಕರಗಿ, ಒಳಗೇ ಸರಿದು, ಆಚೆ ಬದಿಯಲ್ಲಿ ಹೊರಬರುತ್ತದೆ. ನೀವೇ ನೋಡಿ. ಒಂದು ಬಲೂನಿಗೆ ಪಂಪಿನಿಂದ ಗಾಳಿ, ಇನ್ನೊಂದಕ್ಕೆ ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿದಾಗ ಬರುವ ಅನಿಲ. ಒಂದೇ ಗಾತ್ರಕ್ಕೆ ಉಬ್ಬಿಸಿ ಬಿಗಿಯಾಗಿ ಕಟ್ಟಿ. ಮರುದಿನ ಬೆಳಿಗ್ಗೆ ಯಾವುದು ಹೆಚ್ಚು ಸೊರಗಿದೆ?

1980ರ ದಶಕದಿಂದ ನೈಸರ್ಗಿಕ ಅನಿಲವನ್ನು ಹೀಗೇ ಶುದ್ಧಗೊಳಿಸುತ್ತಿದ್ದಾರೆ. ಸೆಲ್ಯುಲೋಸ್ ಅಸಿಟೇಟಿನ ಪೊರೆ. ಅನಿಲದ ಸ್ವಂತ ಒತ್ತಡವೇ ಅದನ್ನು ದೂಡುತ್ತದೆ. ಹೊಗೆಯ ಕಥೆ ಬೇರೆ. ಪಡುಬಿದ್ರೆ ಬಳಿಯ ಎಲ್ಲೂರಿನಂಥ ಕಲ್ಲಿದ್ದಲ ವಿದ್ಯುತ್ ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈ ಆಕ್ಸೈಡ್ ಶೇಕಡಾ 12ರಿಂದ 15ರಷ್ಟು ಮಾತ್ರ, ಒತ್ತಡವೂ ಇಲ್ಲ. ದೂಡಲು ಯಂತ್ರ ಬೇಕು, ಯಂತ್ರಕ್ಕೆ ಅದೇ ವಿದ್ಯುತ್ ಬೇಕು. ಸಾಲದ್ದಕ್ಕೆ, ಬೇಗ ಬಿಡುವ ಪೊರೆ ಸರಿಯಾಗಿ ಆರಿಸದು, ಸರಿಯಾಗಿ ಆರಿಸುವುದು ಬೇಗ ಬಿಡದು. ಈ ತೊಡಕನ್ನು 1991ರಲ್ಲಿ ರೋಬ್ಸನ್ ಎಂಬವರು ನಕ್ಷೆಯಲ್ಲೇ ತೋರಿಸಿದರು.

ಪಣಂಬೂರಿನಲ್ಲಿ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಹೆಸರಿನಲ್ಲಿ 1976ರಲ್ಲಿ ಉತ್ಪಾದನೆ ಆರಂಭಿಸಿದ ಗೊಬ್ಬರದ ಕಾರ್ಖಾನೆ ನಿಮಗೆ ಗೊತ್ತು. ಅಮೋನಿಯಾ ತಯಾರಿಸುವಾಗ ಈ ಅನಿಲವನ್ನು ಬೇರ್ಪಡಿಸಲೇಬೇಕು; ಇಂಥ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಅದನ್ನು ದ್ರಾವಣವೊಂದು ಹೀರುತ್ತದೆ. ಬಳಿಕ ಅದು ಅಮೋನಿಯಾದೊಡನೆ ಸೇರಿ ಯೂರಿಯಾ ಆಗುತ್ತದೆ. ಆದರೆ ಬೆಳ್ತಂಗಡಿಯ ತೋಟಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಒಡೆದಾಗ ಅನಿಲ ಪುನಃ ಗಾಳಿಗೇ. ಹಿಡಿದಿಟ್ಟೆವು ಎನ್ನುವ ಮೊದಲು ಎಷ್ಟು ದಿನಕ್ಕೆ ಎಂದೂ ಕೇಳಬೇಕು.

ಆ ಹುಡುಗಿ ಈಗ ಹತ್ತನೆಯಲ್ಲಿದ್ದಾಳೆ. "ಕೆಮಿಸ್ಟ್ರಿ ಓದಿ ಏನು ಮಾಡುವುದು ಮಾಸ್ಟ್ರೇ?" ಎಂದು ಅವಳ ತಂದೆ ನನ್ನನ್ನು ಕೇಳಿದರು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಪೊರೆಗಳನ್ನೇ ತಯಾರಿಸಿ ಪರೀಕ್ಷಿಸುವ ಪ್ರಯೋಗಾಲಯವಿದೆ. ಬಂಟ್ವಾಳ, ಮೂಡಬಿದಿರೆಯಿಂದ ಒಂದೇ ದಿನದಲ್ಲಿ ಹೋಗಿ ಬರುವ ದೂರ. ಒಂದು ಬಸ್ಸಿನ ಖರ್ಚನ್ನು ಸಂಘ ವಹಿಸಿಕೊಂಡರೆ ಅನುಮತಿಯ ಪತ್ರ ನಾನು ಬರೆಯುತ್ತೇನೆ. ಆ ತಂದೆಗೂ ಒಂದು ಸೀಟು ಇರಲಿ.