ಕಿವಿಯ ಬಾಗಿಲು

ಜೋಳ ಬೀಸುವ ಮುಂಚೆ ಅದನ್ನು ಮೊರದಲ್ಲಿ ಕೇರಿ, ಕಲ್ಲು ಕಡ್ಡಿ ಆರಿಸಿ ಹಸನು ಮಾಡುತ್ತೇವೆ. ಹೊಟ್ಟೆಗೆ ಹೋಗುವ ವಸ್ತುವಿನ ವಿಷಯದಲ್ಲಿ ಹಿರಿಯರು ನಮಗೆ ಇಷ್ಟು ಎಚ್ಚರ ಕಲಿಸಿದ್ದಾರೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಕಣ್ಣು ಕಿವಿಗಳ ಮೂಲಕ ಮನಸ್ಸಿಗೆ ಹೋಗುವುದನ್ನು ನಾವು ಹಸನು ಮಾಡುತ್ತೇವೆಯೆ? ಈ ಹೊತ್ತು ನಿಮ್ಮೊಡನೆ ಇದೇ ವಿಷಯವಾಗಿ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಭಾಲ್ಕಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಕಿರಿಯ ಮಗ ಹೈದರಾಬಾದಿನಲ್ಲಿ ಓದುತ್ತಾನೆ. ಸಂಜೆ ಅಲ್ಲಿ ಭಾರಿ ಮಳೆಯೆಂದು ಟಿ.ವಿ.ಯಲ್ಲಿ ಸುದ್ದಿ ಬಂತು. ನೀರು ನುಗ್ಗಿದ ಒಂದೇ ಬೀದಿಯ ಚಿತ್ರವನ್ನು ಗಂಟೆಯೊಳಗೆ ಹತ್ತು ಸಲ ತೋರಿಸಿದರು. ನಡೆದ ಘಟನೆ ಒಂದು. ತಾಯಿಯ ಮನಸ್ಸು ಎಣಿಸಿದ್ದು ಹತ್ತು. ರಾತ್ರಿ ಅವರಿಗೆ ರೊಟ್ಟಿ ಸೇರಲಿಲ್ಲ, ಸುಮ್ಮಸುಮ್ಮನೆ ಸಿಡುಕಿದರು. “ಯಾಕ್ರೀ ಅತ್ತಿ, ಮೈ ಚಲೋ ಇಲ್ಲೇನ್ರಿ?” ಎಂದು ಸೊಸೆ ಕೇಳಿದರೆ, “ಏನಿಲ್ಲವ್ವ” ಎಂಬುದೇ ಉತ್ತರ. ಅವರು ಸುಳ್ಳು ಹೇಳಲಿಲ್ಲ. ಬೇಸರ ಎಲ್ಲಿಂದ ಬಂತೆಂಬುದು ಅವರಿಗೇ ತಿಳಿದಿರಲಿಲ್ಲ. ಮಗನಿಗೆ ಒಂದು ಫೋನು ಮಾಡಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಇದು ಒಂದು ಮನೆಯ ಮಾತಾಯಿತು. ಇದೇ ಆತಂಕ ಊರಿಗೆ ಊರನ್ನೇ ಹಿಡಿದರೆ ಏನಾದೀತೆಂಬುದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. 2018ರಲ್ಲಿ ದೇಶದ ಅನೇಕ ಕಡೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಫೋನಿನಿಂದ ಫೋನಿಗೆ ಹರಿದಾಡುತ್ತಿತ್ತು. ಆ ವರ್ಷ ಜುಲೈ 13ರಂದು ಹೈದರಾಬಾದಿನಿಂದ ಔರಾದ ತಾಲ್ಲೂಕಿಗೆ ಬಂದಿದ್ದ ಕೆಲವರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಬೇರೆ ದಿನವಾಗಿದ್ದರೆ ನೋಡಿದವರು ನಕ್ಕು ಮುಂದೆ ಹೋಗುತ್ತಿದ್ದರೇನೋ. ಅಂದು ಮಾತ್ರ ಅವರ ಚಿತ್ರ ವಾಟ್ಸಾಪಿನಲ್ಲಿ ಅವರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಗುಂಪು ಅವರನ್ನು ತಡೆದು ಹೊಡೆಯಿತು. ಒಬ್ಬ ತರುಣ ಪ್ರಾಣ ಕಳೆದುಕೊಂಡ, ಉಳಿದವರು ಗಾಯಗೊಂಡರು. ಯಾವ ಮಗುವೂ ಕಳುವಾಗಿರಲಿಲ್ಲ.

ಆ ಗುಂಪಿನಲ್ಲಿದ್ದವರು ಎಲ್ಲಿಂದಲೋ ಬಂದ ರಾಕ್ಷಸರಲ್ಲ. ನಮ್ಮ ನಿಮ್ಮಂತೆ ಮಕ್ಕಳ ಮೇಲೆ ಜೀವವಿಟ್ಟವರು. ಹಾಗೆಂದು ತಪ್ಪು ಕಡಿಮೆಯಾಗಲಿಲ್ಲ. ಆದರೆ ಮೊದಲೇ ಅಂಜಿಕೆ ತುಂಬಿಕೊಂಡ ಕಣ್ಣಿಗೆ ಚಾಕೊಲೇಟು ಕೂಡ ವಿಷವಾಗಿ ಕಂಡಿತೆಂಬುದನ್ನು ಮರೆಯಬಾರದು. ಅದೇ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹಾಕುವುದಾಗಿ ಸಾರಿತು. ಆರನೆಯವರಿಗೆ ಆ ಸಂಸ್ಥೆ ತಡೆ ಹಾಕಬಹುದು. ಮೊದಲನೆಯವರಿಗೆ ಕಳಿಸದಂತೆ ತಡೆಯುವವರು ನಾವೇ.

ಹಾಗಾದರೆ ಸುದ್ದಿಯನ್ನೇ ಬಿಡಬೇಕೆ? ಬೇಡ. 2020ರಲ್ಲಿ ಕೊರೋನಾ ಬಂದಾಗ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ ಸರಳವಾಗಿತ್ತು: ಕಳವಳ ಹುಟ್ಟಿಸುವ ಸುದ್ದಿಯನ್ನು ನೋಡುವುದು, ಓದುವುದು, ಕೇಳುವುದನ್ನು ಕಡಿಮೆ ಮಾಡಿ, ನಂಬಬಹುದಾದ ಮೂಲದಿಂದ ದಿನಕ್ಕೆ ಒಂದೆರಡು ಬಾರಿ, ಗೊತ್ತಾದ ಹೊತ್ತಿನಲ್ಲಿ ತಿಳಿದುಕೊಳ್ಳಿ. ಊಟಕ್ಕೆ ಹೊತ್ತಿರುವಂತೆ ಸುದ್ದಿಗೂ ಹೊತ್ತಿರಲಿ. ಈ ಮಾತು ರೇಡಿಯೋಕ್ಕೂ ಸಲ್ಲುತ್ತದೆ.

ಎಲ್ಲ ಸದ್ದೂ ನಮ್ಮ ಕೈಯಲ್ಲಿಲ್ಲ. ಬೀದರಿನ ಮೇಲೆ ವಾಯುಪಡೆಯ ತರಬೇತಿ ವಿಮಾನ ಹಾರಿದರೆ ನಾವು ನಿಲ್ಲಿಸಲಾರೆವು. ಮಾತು ತಡೆದು, ಅದು ಹೋದ ಮೇಲೆ ಮುಂದುವರಿಸುತ್ತೇವೆ. ಆದರೆ ಹಾಸಿಗೆಯ ಪಕ್ಕದ ಫೋನನ್ನು ದೂರವಿಡಬಹುದು. ಸಂಜೆ ಕೋಟೆಯ ಕಡೆ ಅರ್ಧ ಗಂಟೆ ನಡೆದು, ಗಾಳಿಗೆ ಮುಖ ಕೊಟ್ಟು ಬರಬಹುದು. ಹೋದಾಗಿನ ಮನಸ್ಸಿಗೂ ಬಂದಾಗಿನ ಮನಸ್ಸಿಗೂ ಇರುವ ಭೇದವನ್ನು ನೀವೇ ನೋಡಿಕೊಳ್ಳಿ.

ಕಾರಣವಿಲ್ಲದೆ ಸಿಟ್ಟೋ ಅಂಜಿಕೆಯೋ ಬಂದಾಗ, ಎದುರಿಗಿದ್ದವರನ್ನು ಬಯ್ಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಕಳೆದ ಒಂದು ಗಂಟೆಯಲ್ಲಿ ನಾನು ಏನನ್ನು ನೋಡಿದೆ, ಏನನ್ನು ಕೇಳಿದೆ? ಅನೇಕ ಸಲ ಉತ್ತರ ಅಲ್ಲಿಯೇ ಸಿಗುತ್ತದೆ. ಈ ಮಾತನ್ನು ಕೇಳಿದ ಮೇಲೆ ರೇಡಿಯೋ ನಿಲ್ಲಿಸಿ, ಮನೆಯವರೊಡನೆ ಸ್ವಲ್ಪ ಹೊತ್ತು ಕುಳಿತರೂ ನನಗೆ ಸಂತೋಷವೇ.