ಜಗಳ ಎಲ್ಲ ದೇಶದಲ್ಲೂ ಇದೆ, ಹೆಣ ಬೀಳೋದು ಎಲ್ಲಿ?



2022ರ ಮೇ 24. ಅಮೆರಿಕದ ಟೆಕ್ಸಾಸ್ ರಾಜ್ಯದ ಯುವಾಲ್ಡಿ ಅನ್ನೋ ಪುಟ್ಟ ಊರು. ಶಾಲೆಗೆ ನುಗ್ಗಿದ 18 ವರ್ಷದ ಯುವಕನೊಬ್ಬ 19 ಮಕ್ಕಳನ್ನು, ಇಬ್ಬರು ಶಿಕ್ಷಕಿಯರನ್ನು ಗುಂಡಿಟ್ಟು ಕೊಂದ. ಆ ಬಂದೂಕು ಕದ್ದ ಮಾಲಲ್ಲ. ಕಾನೂನು ಪ್ರಕಾರವೇ ದುಡ್ಡು ಕೊಟ್ಟು ಕೊಂಡಿದ್ದು!

ಇಂಥ ಘಟನೆ ಆದಾಗಲೆಲ್ಲ ಅಲ್ಲಿ ಒಂದೇ ವಾದ. 'ಬಂದೂಕು ಕೊಲ್ಲಲ್ಲ, ಮನುಷ್ಯ ಕೊಲ್ತಾನೆ' ಅಂತ. 1791ರ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು ಅಂತಾರೆ. ಸ್ವಿಟ್ಜರ್ಲೆಂಡ್ ನೋಡಿ, ಎಷ್ಟೋ ಮನೆಗಳಲ್ಲಿ ಬಂದೂಕಿದೆ, ಕೊಲೆ ಬಹಳ ಕಡಿಮೆ. ಜಮೈಕಾ ನೋಡಿ, 1974ರಲ್ಲೇ ಕಠಿಣ ಕಾನೂನು ಬಂತು, ಬಂದೂಕು ಕೇಸಿಗೇ ಬೇರೆ ಕೋರ್ಟು ಬಂತು. ಕೊಲೆ ಮಾತ್ರ ನಿಲ್ಲಲಿಲ್ಲ ಅಂತಾರೆ.

ಇದು ಸುಳ್ಳಲ್ಲ. ಬಡತನ, ಗ್ಯಾಂಗು, ಡ್ರಗ್ಸ್, ಪೊಲೀಸರ ಮೇಲೆ ನಂಬಿಕೆ ಇಲ್ಲದಿರುವುದು, ಕೊಲೆಗೆ ಕಾರಣ ಹತ್ತಾರು. ಆದರೆ ಇದು ಅರ್ಧ ಸತ್ಯ.

ಕಳ್ಳತನ, ಹೊಡೆದಾಟದಲ್ಲಿ ಅಮೆರಿಕ ಉಳಿದ ಶ್ರೀಮಂತ ದೇಶಗಳಿಗಿಂತ ಬಹಳ ಮುಂದೇನಿಲ್ಲ. ಕೊಲೆಯಲ್ಲಿ ಮಾತ್ರ ಎಷ್ಟೋ ಪಟ್ಟು ಮುಂದೆ. ಯಾಕೆ? ಅಲ್ಲಿ ಜನಸಂಖ್ಯೆಗಿಂತ ಬಂದೂಕುಗಳೇ ಜಾಸ್ತಿ ಅನ್ನೋದು ಅಂದಾಜು. ಹತ್ತು ಕೊಲೆಯಲ್ಲಿ ಸುಮಾರು ಎಂಟು ಗುಂಡಿನಿಂದಲೇ ಆಗುತ್ತವೆ. ಸಿಟ್ಟು ಎಲ್ಲ ಕಡೆ ಒಂದೇ. ಕೈಗೆ ಮುಷ್ಟಿ ಸಿಕ್ಕಿದರೆ ಆಸ್ಪತ್ರೆ, ಬಂದೂಕು ಸಿಕ್ಕಿದರೆ ಸ್ಮಶಾನ.

ಇನ್ನೊಂದು ಲೆಕ್ಕ ಚರ್ಚೆಗೇ ಬರಲ್ಲ. 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,000ಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡವರು. ಆ ಒಂದು ಕೆಟ್ಟ ಗಳಿಗೆಯಲ್ಲಿ ಬಂದೂಕು ಕೈಗೆಟುಕದಿದ್ದರೆ, ಅವರಲ್ಲಿ ಎಷ್ಟೋ ಜನ ಇವತ್ತು ಬದುಕಿರ್ತಿದ್ರು.

ಹಾಗಾದ್ರೆ ದಾರಿ ಇಲ್ವಾ? ಇದೆ. 1996ರಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಪ್ರಧಾನಿ ಜಾನ್ ಹೋವರ್ಡ್ ಎಡಪಂಥೀಯರಲ್ಲ, ಪಕ್ಕಾ ಸಂಪ್ರದಾಯವಾದಿ. ಅವರೇ ಕಾನೂನು ಬಿಗಿ ಮಾಡಿಸಿದರು. ಸರ್ಕಾರವೇ ದುಡ್ಡು ಕೊಟ್ಟು ಸುಮಾರು 6.5 ಲಕ್ಷ ಬಂದೂಕು ವಾಪಸ್ ಪಡೆದು ನಾಶ ಮಾಡಿತು. ಕೊಲೆ ಅದಕ್ಕೂ ಮೊದಲೇ ಇಳಿಯುತ್ತಿತ್ತು, ನಿಜ. ಆದರೆ ಆಮೇಲೆ ಬಂದೂಕಿನ ಸಾವು, ಅದರಲ್ಲೂ ಆತ್ಮಹತ್ಯೆ, ಗಣನೀಯವಾಗಿ ಕಡಿಮೆಯಾಯ್ತು. ಇನ್ನು ಸ್ವಿಟ್ಜರ್ಲೆಂಡ್ ಉದಾಹರಣೆ ಕೊಡೋರು ಒಂದು ಮಾತು ಮರೀತಾರೆ. ಸೈನಿಕರ ಮನೆಗಳಲ್ಲಿದ್ದ ಸೇನೆಯ ಗುಂಡುಗಳನ್ನು ವಾಪಸ್ ಪಡೆಯಲು ಆ ದೇಶ 2007ರಲ್ಲೇ ತೀರ್ಮಾನಿಸಿತ್ತು.

ಅಮೆರಿಕದ ಶಾಲೆಗಳಲ್ಲಿ ನಮ್ಮ ಕನ್ನಡಿಗರ ಮಕ್ಕಳೂ ಓದ್ತಿದ್ದಾರೆ. ಅಆಇಈ ಕಲಿಯೋ ವಯಸ್ಸಲ್ಲಿ, ಗುಂಡಿನ ಸದ್ದು ಕೇಳಿದರೆ ಮೇಜಿನ ಕೆಳಗೆ ಉಸಿರು ಬಿಗಿಹಿಡಿದು ಕೂರೋದನ್ನ ಕಲೀತಿದ್ದಾರೆ. ಹಕ್ಕಿನ ಬಗ್ಗೆ ಭಾಷಣ ಮಾಡೋರು ಆ ಮಕ್ಕಳ ಹಕ್ಕಿನ ಬಗ್ಗೆಯೂ ಮಾತಾಡಬೇಕು.

ಯೋಚನೆ ಮಾಡಿ.