ಹಳೆಯ ಗಾಳ, ಹೊಸ ಟಿಪ್ಪಣಿ ಪುಸ್ತಕ

(ಬಳಗದ ಹೊಳೆ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹೊಳೆ ಉಳಿಸುವ ಶಿಬಿರದಲ್ಲಿ ಮೀನು ಹಿಡಿಯುವ ಮಾತೇಕೆ ಎಂದು ನಿನ್ನೆ ರಾತ್ರಿ ಊಟದ ಹೊತ್ತಿಗೆ ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಗಾಳ ಚುಚ್ಚಿದರೆ ಮೀನಿಗೆ ಏನೂ ಆಗುವುದಿಲ್ಲವೆಂದು ನಾನು ವಾದಿಸಲಾರೆ. ಆದರೆ ನಮ್ಮ ಯುವಕರಲ್ಲಿ ಕೆಲವರು ಈಗಾಗಲೇ ಗಾಳ ಹಿಡಿದಿದ್ದಾರೆ, ಇನ್ನು ಕೆಲವರು ಹಿಡಿಯಲು ಹಾತೊರೆಯುತ್ತಿದ್ದಾರೆ. ಅವರನ್ನು ದೂರವಿಡುವುದಕ್ಕಿಂತ ಹೊಳೆಯ ಕಾವಲಿಗೆ ಕರೆದುಕೊಳ್ಳುವುದು ಲೇಸೆಂಬುದು ನನ್ನ ನಿಲುವು. ಹಿರಿಯರ ಪ್ರಶ್ನೆಗೆ ಪೂರ್ತಿ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ.

ಇಂಗ್ಲಿಷಿನಲ್ಲಿ ಫ್ಲೈ ಫಿಶಿಂಗ್ ಎನ್ನುವುದನ್ನು ನಾನು ನೊಣಗಾಳ ಎಂದು ಕರೆಯುತ್ತೇನೆ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಕೊಕ್ಕೆಗೆ ಕಟ್ಟಿರುವುದು ತೂಕವೇ ಇಲ್ಲದ ಗರಿಯ ನೊಣ. ಆದ್ದರಿಂದ ದಾರಕ್ಕೇ ತೂಕವಿರಬೇಕು. 5ನೇ ಸಂಖ್ಯೆಯ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಆ ತೂಕವೇ ಕೋಲನ್ನು ಬಾಗಿಸುತ್ತದೆ. ಬಾಗಿದ ಕೋಲು ನೆಟ್ಟಗಾಗುತ್ತಾ ದಾರವನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಇಷ್ಟು ತಿಳಿದರೆ ಅರ್ಧ ವಿದ್ಯೆ ತಿಳಿದಂತೆ.

ಇದು ಸಿರಿವಂತರ ಹವ್ಯಾಸವೆಂಬ ಮಾತಿದೆ. ಹೊಸ ಸಲಕರಣೆಯನ್ನೇ ಕೊಳ್ಳಹೊರಟರೆ ಅದು ನಿಜ. ಆದರೆ ಉತ್ಸಾಹದಿಂದ ಕೊಂಡು ಒಂದೆರಡು ವರ್ಷದಲ್ಲೇ ಅಟ್ಟಕ್ಕೇರಿಸಿದ ಕೋಲುಗಳು ನಗರಗಳಲ್ಲೂ ಹಳೆಯ ಎಸ್ಟೇಟ್ ಬಂಗಲೆಗಳಲ್ಲೂ ಇವೆ. ಈಗಿನ ಕೋಲುಗಳು ಹೆಚ್ಚಾಗಿ ಕಾರ್ಬನ್ ನಾರಿನವು, ಅದಕ್ಕೂ ಹಿಂದಿನವು ಗಾಜಿನ ನಾರಿನವು. ಇವು ಮಣ್ಣಿನಲ್ಲಿ ಕೊಳೆಯುವುದಿಲ್ಲ, ಕರಗಿಸಿ ಮತ್ತೆ ಅಚ್ಚೊತ್ತುವಂತಹವೂ ಅಲ್ಲ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಬಳಸುವುದೇ ಇವಕ್ಕಿರುವ ಸರಿಯಾದ ಮರುಬಳಕೆ.

ಹಳೆಯ ಕೋಲು ಕೊಳ್ಳುವಾಗ ಮೊದಲು ಹಿಡಿಯ ಮೇಲ್ಭಾಗದ ಬರಹವನ್ನು ಓದಿರಿ. ಉದ್ದವೂ ದಾರದ ಸಂಖ್ಯೆಯೂ ಅಲ್ಲಿರುತ್ತವೆ. ಕಲಿಯುವವರಿಗೆ ಎಂಟೂವರೆಯಿಂದ 9 ಅಡಿಯ, 5 ಅಥವಾ 6ನೇ ಸಂಖ್ಯೆಯ ಕೋಲು ಸಾಕು. ಅನಂತರ ಕೋಲಿನ ತುಂಡುಗಳನ್ನು ಜೋಡಿಸಿ ಮೆಲ್ಲಗೆ ಅಲುಗಾಡಿಸಿರಿ. ಕೀಲಿನಲ್ಲಿ ಟಕಟಕ ಸದ್ದು ಬಂದರೆ, ಕೂದಲೆಳೆಯಷ್ಟು ಬಿರುಕು ಕಂಡರೆ, ಎಷ್ಟೇ ಅಗ್ಗವಾಗಿದ್ದರೂ ಬೇಡ. ನನ್ನ ಮೊದಲ ಕೋಲಿನ ಕೀಲನ್ನು ನಾನು ನೋಡಲಿಲ್ಲ. ಮೂರನೆಯ ದಿನವೇ ಅದು ಎರಡಾಯಿತು. ದಾರ ಹಾಯುವ ಉಂಗುರಗಳೊಳಗೆ ಹತ್ತಿಯ ಎಳೆಯನ್ನು ಆಡಿಸಿರಿ. ಹತ್ತಿ ಸಿಕ್ಕಿಕೊಂಡ ಕಡೆ ದಾರವೂ ಹರಿಯುತ್ತದೆ. ಆ ಉಂಗುರವನ್ನು ಬದಲಿಸಬೇಕು. ಬಿರಟೆಯ ಹಿಡಿಯಲ್ಲಿ ಗುಳಿ ಬಿದ್ದಿದ್ದರೆ, ಬಣ್ಣ ಮಾಸಿದ್ದರೆ ಚಿಂತೆಯಿಲ್ಲ.

ಸಣ್ಣ ಮೀನಿನ ಮಟ್ಟಿಗೆ ರೀಲು ಎಂದರೆ ದಾರ ಸುತ್ತಿಡುವ ಡಬ್ಬಿಯಷ್ಟೇ. ಅದು ಅಲುಗಾಡದೆ ತಿರುಗಬೇಕು, ತುಕ್ಕು ಹಿಡಿದಿರಬಾರದು, ಅದರ ಪಾದ ನಿಮ್ಮ ಕೋಲಿಗೆ ಭದ್ರವಾಗಿ ಕೂರಬೇಕು. ದಾರದಲ್ಲಿ ಮಾತ್ರ ಜಿಪುಣತನ ಬೇಡ. ವರ್ಷಗಟ್ಟಲೆ ಸುತ್ತಿಟ್ಟ ದಾರದ ಮೇಲ್ಪದರ ಬಿರಿದು ನೀರು ಕುಡಿಯುತ್ತದೆ, ತೇಲುವುದಿಲ್ಲ. ಕೋಲು, ರೀಲುಗಳಲ್ಲಿ ಉಳಿಸಿದ ಹಣದಿಂದ ಹೊಸ ದಾರ ಕೊಳ್ಳಿರಿ.

ಎಸೆತವನ್ನು ನೀರಿನಲ್ಲಿ ಕಲಿಯಬೇಡಿ, ಕೊಯ್ಲಾದ ಗದ್ದೆಯಲ್ಲಿ ಕಲಿಯಿರಿ. ಕೊಕ್ಕೆಯ ಬದಲು ಉಣ್ಣೆಯ ತುಣುಕು ಕಟ್ಟಿ, ಕೋಲನ್ನು ಗಡಿಯಾರದ 10 ಮತ್ತು 2ರ ನಡುವೆ ಆಡಿಸಿ, ಹಿಂದೆ ಹೋದ ದಾರ ಪೂರ್ತಿ ಚಾಚುವವರೆಗೆ ಕ್ಷಣಕಾಲ ತಾಳಿರಿ. ಆತುರಗಾರನಿಗೆ ಈ ವಿದ್ಯೆ ಒಲಿಯುವುದಿಲ್ಲ. ನೀರಿಗೆ ಹೋದಾಗ ಕನ್ನಡಕ, ಟೋಪಿ ಇರಲಿ. ಇನ್ನೊಂದು ಎಚ್ಚರಿಕೆ: ಕಾರ್ಬನ್ ನಾರಿನಲ್ಲಿ ವಿದ್ಯುತ್ ಹರಿಯುತ್ತದೆ. ನಮ್ಮ ಗದ್ದೆ, ತೋಟಗಳ ಮೇಲೆ ಜೋತುಬಿದ್ದ ತಂತಿಗಳಿವೆ. ತಂತಿಯಡಿಯಲ್ಲೂ ಗುಡುಗು-ಸಿಡಿಲಿನ ಹೊತ್ತಿನಲ್ಲೂ ಕೋಲು ಎತ್ತಕೂಡದು.

ಇನ್ನು ನೊಣದ ವಿಚಾರ. ಕ್ರಿಸ್ತಶಕ 200ರ ಸುಮಾರಿನಲ್ಲಿದ್ದ ರೋಮಿನ ಲೇಖಕ ಏಲಿಯನ್, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ಬರೆದಿದ್ದಾನೆ. ಮನೆಯಲ್ಲಿ ಸಿಗುವ ವಸ್ತುಗಳಿಂದಲೇ ಹುಟ್ಟಿದ ಕಲೆ ಇದು. ಮುಂದೆ ಬ್ರಿಟನ್ನಿನ ಹವ್ಯಾಸಿಗಳಿಗೆ ನಮ್ಮ ಪಶ್ಚಿಮ ಘಟ್ಟದ ಕಾಡುಕೋಳಿಯ ಕತ್ತಿನ ಹೊಳಪು ಚುಕ್ಕೆಯ ಗರಿ ಬೇಕಾಯಿತು. ಅವರ ನೊಣಗಳಿಗಾಗಿ ನಮ್ಮ ಕಾಡಿನ ಹಕ್ಕಿಗಳು ಸತ್ತವು. ಇಂದು ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪಕ್ಷಿ. ಹಳೆಯ ಸಲಕರಣೆಯ ಪೆಟ್ಟಿಗೆಯಲ್ಲಿ ಅಂತಹ ಗರಿಯ ನೊಣಗಳಿದ್ದರೆ ಕೊಳ್ಳಬೇಡಿ. ಮನೆಯಂಗಳದ ನಾಟಿ ಹುಂಜ ಉದುರಿಸಿದ ಗರಿ ನಮಗೆ ಧಾರಾಳವಾಯಿತು.

ಎಲ್ಲಿ ಗಾಳ ಹಾಕಬೇಕು ಎನ್ನುವುದಕ್ಕಿಂತ ಎಲ್ಲಿ ಹಾಕಬಾರದು ಎಂಬುದು ಮುಖ್ಯ. ಶೃಂಗೇರಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ, ಇಂತಹ ದೇವರ ಮೀನಿನ ಮಡುಗಳ ಹತ್ತಿರವೂ ಸುಳಿಯಬಾರದು. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಬೆರೆಸಿ ಸಾವಿರಾರು ಮೀನುಗಳು ಸತ್ತಾಗ ಊರಿನವರು ಅವಕ್ಕೊಂದು ಸ್ಮಾರಕವನ್ನೇ ಕಟ್ಟಿದರು. ಆ ಭಾವನೆಗಿಂತ ನಮ್ಮ ಹವ್ಯಾಸ ದೊಡ್ಡದಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೂ ಬೇಡ. ಉಳಿದೆಡೆ ಮೀನುಗಾರಿಕೆ ಇಲಾಖೆಯ ಅನುಮತಿಯನ್ನು ವಿಚಾರಿಸಿಯೇ ಹೋಗಿರಿ. ಮಹಶೀರ್ ಮೊದಲಾದ ಮೀನುಗಳು ಹೊಳೆಯೇರಿ ಮೊಟ್ಟೆಯಿಡುವ ಮಳೆಗಾಲದಲ್ಲಿ ಗಾಳ ಅಟ್ಟದಲ್ಲಿರಲಿ.

ಕಲಿಯುವವರಿಗೆ ತೋಟದ ಕೆರೆಯೇ ಪಾಠಶಾಲೆ. ಅಲ್ಲಿ ಜಿಲೇಬಿ ಮೀನು ಬೇಕಾದಷ್ಟಿದೆ. 1952ರಲ್ಲಿ ನಮ್ಮ ದೇಶಕ್ಕೆ ತಂದ ಆಫ್ರಿಕದ ಈ ಮೀನು ಕೆರೆಗಳನ್ನೆಲ್ಲ ಆಕ್ರಮಿಸಿದೆ. ಕೆರೆಯ ಒಡೆಯರು ಒಪ್ಪಿದರೆ ಅದನ್ನು ಹಿಡಿದು ಸಾರು ಮಾಡಿ ಉಣ್ಣಿರಿ. ಬೇರೆ ನೀರಿಗೆ ಮಾತ್ರ ಬಿಡಬೇಡಿ. ಹೊಳೆಯ ನಾಡಮೀನು ಸಿಕ್ಕರೆ ಬಿಡಬೇಕು. ಅದಕ್ಕಾಗಿ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಅಮುಕಿಡಿ, ಕೈಯನ್ನು ಒದ್ದೆ ಮಾಡಿಕೊಳ್ಳಿ, ಮೀನನ್ನು ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ. ಬೇಸಿಗೆಯಲ್ಲಿ ನೀರು ಬತ್ತಿ ಬಿಸಿಯಾದಾಗ ಗಾಳ ಹಾಕಲೇಬೇಡಿ. ನೈಲಾನ್ ಚೂರುಗಳನ್ನು ಜೇಬಿನಲ್ಲಿ ಮನೆಗೆ ತನ್ನಿ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ನೊಣಗಾಳದವನು ಮೀನು ಏನು ತಿನ್ನುತ್ತಿದೆಯೆಂದು ತಿಳಿಯಲೇಬೇಕು. ಅದಕ್ಕಾಗಿ ಹೊಳೆಯ ಕಲ್ಲುಗಳನ್ನು ಮಗುಚಿ ನೋಡುತ್ತಾನೆ. ಅಡಿಯಲ್ಲಿ ಸ್ಟೋನ್‌ಫ್ಲೈ, ಮೇಫ್ಲೈ ಮರಿಗಳಿದ್ದರೆ ನೀರು ತಿಳಿಯಾಗಿದೆ, ಅದರಲ್ಲಿ ಆಮ್ಲಜನಕ ಚೆನ್ನಾಗಿದೆ ಎಂದರ್ಥ. ಅವು ಮಾಯವಾಗಿ ಕೆಂಪು ಹುಳುಗಳಷ್ಟೇ ಉಳಿದಿದ್ದರೆ ಮೇಲಿನಿಂದ ಏನೋ ಹರಿದು ಬಂದಿದೆ.

ಆ ‘ಏನೋ’ ಎಂಬುದರಲ್ಲಿ ನಮ್ಮ ಪಾಲೂ ಇದೆ. ಅಡಿಕೆಯ ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತವಿರುತ್ತದೆ. ಕೃಷಿ ವಿಜ್ಞಾನಿಯಾಗಿ ಅದನ್ನು ಬಿಟ್ಟುಬಿಡಿ ಎಂದು ನಾನು ಹೇಳಲಾರೆ, ಬೆಳೆ ಉಳಿಯಬೇಕು. ಆದರೆ ತಾಮ್ರ ಮೀನಿಗೂ ನೀರಿನ ಹುಳುಗಳಿಗೂ ವಿಷ. ಸಿಂಪರಣೆ ಮುಗಿಸಿ ಡ್ರಮ್ಮನ್ನು ಹೊಳೆಯಲ್ಲಿ ತೊಳೆಯುವವರು ನಮ್ಮಲ್ಲೇ ಇದ್ದಾರೆ. ಬೇಕಾದಷ್ಟನ್ನೇ ಕಲಸಿ, ಡ್ರಮ್ಮನ್ನು ಹೊಳೆಯಿಂದ ದೂರ ತೋಟದೊಳಗೇ ತೊಳೆಯುವುದು ಕಷ್ಟವೇನಲ್ಲ. ಆ ಮಾತನ್ನು ಕಲ್ಲು ಮಗುಚಿ ಕಂಡವನು ಹೇಳಿದರೆ ನೆರೆಯವರೂ ಕೇಳಿಯಾರು.

ಕಂಡದ್ದನ್ನು ಬರೆದಿಡುವುದೂ ಅಷ್ಟೇ ಮುಖ್ಯ. ಕಾವೇರಿಯ ಗಾಳಿಬೋರೆ ಶಿಬಿರದಲ್ಲಿ ಗಾಳದವರು 1998ರಿಂದ 2012ರವರೆಗೆ ತಾವು ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ಬರೆದಿಟ್ಟಿದ್ದರು. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚುತ್ತಿದ್ದಾಗಲೇ ಕಾವೇರಿಯ ಸ್ವಂತದ ಗೂನುಬೆನ್ನಿನ ಮಹಶೀರ್ ಕುಸಿಯುತ್ತಿತ್ತು ಎಂಬುದು ಆ ಪುಸ್ತಕಗಳಿಂದಲೇ ವಿಜ್ಞಾನಿಗಳಿಗೆ ಗೊತ್ತಾಯಿತು. 2018ರಲ್ಲಿ ಅದು ಟಾರ್ ರೆಮದೇವಿ ಎಂಬ ಪ್ರಭೇದವೆಂದು ಖಚಿತವಾಗಿ, ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ನೀಲಿರೆಕ್ಕೆಯ ಮೀನನ್ನು ಸದುದ್ದೇಶದಿಂದಲೇ ನದಿಗೆ ಬಿಟ್ಟಿದ್ದರು. ಮೀನು ಹೆಚ್ಚಲಿ ಎಂಬುದು ಗಾಳದವರ ಹಂಬಲವೂ ಆಗಿತ್ತು. ತಪ್ಪಿನಲ್ಲಿ ಅವರಿಗೆ ಪಾಲಿತ್ತು, ತಪ್ಪನ್ನು ತೋರಿಸಿದ್ದೂ ಅವರದೇ ಬರಹ.

ಆದ್ದರಿಂದ ಮಿತ್ರರೇ, ಕೋಲು ಹಳೆಯದಿರಲಿ, ಜೊತೆಗೊಂದು ಹೊಸ ಟಿಪ್ಪಣಿ ಪುಸ್ತಕವಿರಲಿ. ದಿನಾಂಕ, ಸ್ಥಳ, ನೀರಿನ ಮಟ್ಟ, ಕಲ್ಲಿನಡಿಯ ಹುಳು, ಸಿಕ್ಕ ಮೀನು, ಸಿಗದೇ ಹೋದ ದಿನ, ಎಲ್ಲವನ್ನೂ ಬರೆಯಿರಿ. ಒಂದು ದಿನ ಪುಸ್ತಕವಷ್ಟೇ ಸಾಕು, ಗಾಳ ಬೇಡ ಎನ್ನಿಸಿದರೆ ಕೋಲನ್ನು ಅಟ್ಟಕ್ಕೆ ಹಾಕದೆ ಇನ್ನೊಬ್ಬ ಹುಡುಗನಿಗೋ ಹುಡುಗಿಗೋ ಕೊಡಿ. ಪುಸ್ತಕವನ್ನು ಮಾತ್ರ ನಮ್ಮ ಬಳಗಕ್ಕೆ ಕೊಡಿ.